ಅಡಿಕೆ ಸುಲಿಯುವ ಬ್ಲೇಡಿಗೆ ಹೀಟ್ ಟ್ರೀಟ್‌ಮೆಂಟ್: ಪೀಣ್ಯದ ಒಂದು ವ್ಯಾಕ್ಯೂಮ್ ಕುಲುಮೆಯ ಕೆಲಸ ಹೇಗಿದೆ?

ಹಸಿ ಅಡಿಕೆ ಸುಲಿಯುವ ಯಂತ್ರದ ಬ್ಲೇಡಿಗೆ ಎರಡು ಕಾಟ. ಸಿಪ್ಪೆಗೆ ಅಂಟಿಬರುವ ಮಣ್ಣು ಅದರ ಬಾಯಿಯನ್ನು ಸವೆಸುತ್ತದೆ. ಅಡಿಕೆಯ ಚೊಗರು ಸಾಮಾನ್ಯ ಕಬ್ಬಿಣಕ್ಕೆ ತಗುಲಿದರೆ ಕಪ್ಪಾಗಿ, ಆ ಕಪ್ಪು ಅಡಿಕೆಗೂ ಹತ್ತುತ್ತದೆ. ಈ ಕಾರಣಕ್ಕೆ ನಮ್ಮ ಘಟಕದಲ್ಲಿ ಬ್ಲೇಡುಗಳನ್ನು 440ಸಿ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿ, ಹೀಟ್ ಟ್ರೀಟ್‌ಮೆಂಟಿಗೆ (ಕಾಯಿಸಿ ತಣಿಸಿ ಗಡುಸು ಮಾಡುವ ಕೆಲಸಕ್ಕೆ) ಪೀಣ್ಯದ ಒಂದು ಜಾಬ್ ವರ್ಕ್ ಘಟಕಕ್ಕೆ ಕಳುಹಿಸುತ್ತೇವೆ. ಅವರ ಕೆಲಸ ಒಟ್ಟಾರೆ ಉತ್ತಮವಾಗಿದೆ. ಆದರೆ ಏನು ಬೇಕೆಂಬುದನ್ನು ಬರೆದುಕೊಡುವ ಗಿರಾಕಿಗೆ ಮಾತ್ರ.

440ಸಿಯಲ್ಲಿ ಸುಮಾರು ಶೇ 1ರಷ್ಟು ಇಂಗಾಲ, ಶೇ 16ರಿಂದ 18ರಷ್ಟು ಕ್ರೋಮಿಯಂ ಇರುತ್ತದೆ. ಇದನ್ನು 1010ರಿಂದ 1065 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಿಸಿದಾಗ ಕಾರ್ಬೈಡ್‌ಗಳ (ಲೋಹವೂ ಇಂಗಾಲವೂ ಸೇರಿದ ಗಡುಸು ಕಣಗಳ) ಒಂದು ಪಾಲು ಕರಗಿ, ತಣಿಸಿದಾಗ ಉಕ್ಕಿನ ಒಡಲು ಗಡುಸಾದ ಮಾರ್ಟೆನ್‌ಸೈಟ್ ಆಗುತ್ತದೆ. ಕರಗದೆ ಉಳಿದ ಕ್ರೋಮಿಯಂ ಕಾರ್ಬೈಡ್ ಕಣಗಳು ಆ ಒಡಲಿನಲ್ಲಿ ಭದ್ರವಾಗಿ ಕುಳಿತು ಮಣ್ಣಿನ ಉಜ್ಜಾಟವನ್ನು ತಡೆಯುತ್ತವೆ. ಒಡಲು ಮೆತ್ತಗಿದ್ದರೆ ಕಣ ಎಷ್ಟೇ ಗಡುಸಾಗಿದ್ದರೂ ಕಿತ್ತುಹೋಗುತ್ತದೆ. ಹಾಗೆಂದು ಕಾವು ಅತಿಯಾದರೆ ಇಂಗಾಲ ಬೇಕಾದ್ದಕ್ಕಿಂತ ಹೆಚ್ಚು ಕರಗಿ, ತಣಿದ ಮೇಲೂ ಮೆತ್ತನೆಯ ಆಸ್ಟೆನೈಟ್ (ಕಾದ ಉಕ್ಕಿನ ರೂಪ) ಉಳಿದುಬಿಡುತ್ತದೆ. ಸಬ್‌ಝೀರೋ ಉಪಚಾರದಿಂದ, ಅಂದರೆ ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ತಣಿಸುವುದರಿಂದ, ಅದನ್ನು ತಗ್ಗಿಸಬಹುದು. ಇಲ್ಲಿ ಅದಕ್ಕೆ ಪ್ರತ್ಯೇಕ ದರವಿದೆ, ಕೇಳದಿದ್ದರೆ ಮಾಡುವುದಿಲ್ಲ.

ನಿರ್ವಾತದಲ್ಲಿ ಕಾಯಿಸಿ ನೈಟ್ರೋಜನ್ ಅನಿಲದಿಂದ ತಣಿಸುವುದರಿಂದ ಬ್ಲೇಡುಗಳು ಕಿಟ್ಟವಿಲ್ಲದೆ, ಹೋದಷ್ಟೇ ಹೊಳಪಾಗಿ ಮರಳುತ್ತವೆ. ಇದು ಅಂದದ ಮಾತಷ್ಟೇ ಅಲ್ಲ. ತೆರೆದ ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಉರಿದುಹೋಗಿ, ಮೊದಲು ಸವೆಯಬೇಕಾದ ಹೊರಮೈಯೇ ಮೆತ್ತಗಾಗುವ ಅಪಾಯವಿದೆ.

ನನ್ನ ದೃಷ್ಟಿಯಲ್ಲಿ ಇವರ ಹೆಚ್ಚುಗಾರಿಕೆ ಇರುವುದು ಟೆಂಪರಿಂಗ್‌ನಲ್ಲಿ, ಅಂದರೆ ಗಡುಸಾದ ಉಕ್ಕಿನ ಪೆಡಸು ತಗ್ಗಿಸಲು ಅದನ್ನು ಮತ್ತೆ ಹದವಾಗಿ ಕಾಯಿಸುವುದರಲ್ಲಿ. ಹಿಂದೆ ಬೇರೊಂದು ಕಡೆ 500 ಡಿಗ್ರಿಯ ಆಸುಪಾಸಿನಲ್ಲಿ ಟೆಂಪರ್ ಮಾಡಿಕೊಟ್ಟಿದ್ದರು. ಗಡಸುತನ ತೋರಿಸುವ ರಾಕ್‌ವೆಲ್ ಅಂಕಿ ತೀರಾ ಇಳಿದಿರಲಿಲ್ಲವಾದ್ದರಿಂದ ವರದಿಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಸುಗ್ಗಿ ನಡುವೆ ಬಾಯಿಯಂಚು ಚಕ್ಕೆಯೆದ್ದಿತು, ತುಕ್ಕಿನ ಚುಕ್ಕೆಗಳೂ ಕಾಣಿಸಿಕೊಂಡವು. ಆ ಕಾವಿನಲ್ಲಿ ಕ್ರೋಮಿಯಂ ಸೂಕ್ಷ್ಮ ಕಾರ್ಬೈಡ್‌ಗಳಾಗಿ ಬೇರ್ಪಟ್ಟು ತುಕ್ಕು ತಡೆಯುವ ಶಕ್ತಿಯೂ ತಾಳಿಕೆಯೂ ಎರಡೂ ಕುಗ್ಗುತ್ತವೆ. ಪೀಣ್ಯದವರು 200 ಡಿಗ್ರಿಯ ಹತ್ತಿರ ಟೆಂಪರ್ ಮಾಡುತ್ತಾರೆ, 58 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕ) ಸಮೀಪದ ಗಡಸುತನ ಸಿಗುತ್ತದೆ, ಕುಲುಮೆಯ ತಾಪಮಾನದ ಚಾರ್ಟನ್ನು ಬಿಲ್ಲಿನೊಂದಿಗೆ ಲಗತ್ತಿಸುತ್ತಾರೆ. ಬರೀ ಗಡಸುತನದ ಅಂಕಿ ನೋಡಿ ಸರಕು ಒಪ್ಪಿಕೊಳ್ಳುವವರು ಆ ಚಾರ್ಟನ್ನು ಕೇಳಿ ಪಡೆಯಬೇಕು.

ಅದೇ ಯಂತ್ರದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟನ್ನೂ ಗಡುಸು ಮಾಡಿಕೊಡಿ ಎಂದಾಗ ಅವರು ಒಪ್ಪಲಿಲ್ಲ. ಕಾಯಿಸಿ ತಣಿಸಿದರೆ 304 ಗಡುಸಾಗುವುದಿಲ್ಲ, ಬದಲಿಗೆ ಮೆತ್ತಗಾಗುತ್ತದೆ. 500 ಡಿಗ್ರಿ ಮೀರಿದ ಸಾಧಾರಣ ನೈಟ್ರೈಡಿಂಗ್‌ನಲ್ಲಿ (ಮೇಲ್ಮೈಗೆ ನೈಟ್ರೋಜನ್ ಸೇರಿಸುವ ವಿಧಾನ) ಮೈ ಗಡುಸಾದರೂ ತುಕ್ಕುನಿರೋಧಕ ಗುಣ ಕುಂದುತ್ತದೆ, ಸುಮಾರು 450 ಡಿಗ್ರಿಯೊಳಗೆ ಅದನ್ನು ಮಾಡುವ ಸೌಲಭ್ಯ ತಮ್ಮಲ್ಲಿಲ್ಲ ಎಂದು ತಿಳಿಸಿದರು. ದುಡ್ಡು ಪಡೆದು ಸುಮ್ಮನೆ ಕುಲುಮೆಗೆ ಹಾಕಿ ತೆಗೆಯುವವರೂ ಇರುವ ಊರಿನಲ್ಲಿ ಇದನ್ನು ಹೇಳಲೇಬೇಕು.

ದೂರುಗಳೂ ಇವೆ. ಕುಲುಮೆ ತುಂಬುವಷ್ಟು ಸರಕು ಸೇರುವವರೆಗೆ ಸಣ್ಣ ಲಾಟು ಕಾಯಬೇಕು, ಸುಗ್ಗಿಯ ಹೊತ್ತಿಗೆ ಇದು ನಿಜಕ್ಕೂ ತೊಂದರೆ. ಒಮ್ಮೆ ಗಡಸುತನ ಪರೀಕ್ಷೆಯ ವಜ್ರದ ಮೊನೆಯನ್ನು ಬ್ಲೇಡಿನ ಬಾಯಿಯ ಪಕ್ಕದಲ್ಲೇ ಒತ್ತಿದ್ದರು. ಆ ಕುಳಿಯಿಂದಲೇ ಕೂದಲೆಳೆಯಷ್ಟು ಸೀಳು ಶುರುವಾಗಿತ್ತು. ಈಗ ಬ್ಲೇಡು ಮಾಡಿದ ಅದೇ ಉಕ್ಕಿನ ಪಟ್ಟಿಯ ಒಂದು ತುಂಡನ್ನು ಪ್ರತಿ ಲಾಟಿನೊಂದಿಗೆ ಕಳುಹಿಸುತ್ತೇವೆ, ಪರೀಕ್ಷೆಯನ್ನು ಅದರ ಮೇಲೆಯೇ ಮಾಡುತ್ತಾರೆ.