ಮೇಲ್ಮನವಿ ವಜಾ ಆಗಿದೆ: ಮತ್ತೆ ತೆರೆಸುವುದೋ, ಹೈಕೋರ್ಟಿಗೆ ಹೋಗುವುದೋ?

ಜಿಲ್ಲಾ ಕೋರ್ಟಿನಲ್ಲಿ ನಿಮ್ಮ ಸಿವಿಲ್ ಮೇಲ್ಮನವಿ ವಜಾ ಆಗಿದ್ದರೆ, ಮೊದಲು ಆದೇಶ ಓದಿ. ವಿಚಾರಣೆ ದಿನ ನೀವೂ ವಕೀಲರೂ ಹಾಜರಿರಲಿಲ್ಲ ಅಂತ ವಜಾ ಆಗಿದೆಯೇ? ಹಾಗಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 19ರಡಿ ಮೇಲ್ಮನವಿ ಮತ್ತೆ ತೆರೆಸುವ ಅರ್ಜಿಯೇ ಸರಿ. ಅದೇ ಕೋರ್ಟಿಗೆ, ವಜಾ ಆದ ದಿನದಿಂದ 30 ದಿನದೊಳಗೆ. ಯಾಕೆ ಹಾಜರಾಗಲಿಲ್ಲ ಅನ್ನುವುದಕ್ಕೆ ಆಸ್ಪತ್ರೆ ಚೀಟಿಯಂಥ ದಾಖಲೆ ಇಡಿ. ಸುಮ್ನೆ ‘ಅನಾರೋಗ್ಯ’ ಅಂತ ಬರೆದರೆ ಸಾಲದು. ಕೋರ್ಟು ಒಪ್ಪದಿದ್ದರೆ ಆ ಆದೇಶದ ಮೇಲೂ ಮೇಲ್ಮನವಿ ಹಾಕಬಹುದು. ಇದು ದೊಡ್ಡ ಆಸರೆ, ಅಲ್ವಾ?

ವಾದ ಕೇಳಿ ತೀರ್ಪು ಕೊಟ್ಟಿದ್ದರೆ ಈ ದಾರಿ ಮುಚ್ಚಿದೆ. ಆಗ ಹೈಕೋರ್ಟಿಗೆ ಎರಡನೇ ಮೇಲ್ಮನವಿ, 90 ದಿನ. ಆದರೆ ಮಹತ್ವದ ಕಾನೂನು ಪ್ರಶ್ನೆ ಬೇಕೇ ಬೇಕು.

ಗಡುವು ದಾಟಿದರೆ ಎರಡಕ್ಕೂ, ತಡವನ್ನು ಮನ್ನಿಸಲು ಕೋರ್ಟಿಗೆ ಅವಕಾಶ ಕೊಡುವ ಕಾಲಮಿತಿ ಕಾಯ್ದೆಯ 5ನೇ ಕಲಂ ಇದೆ. ಎಷ್ಟು ದಿನ ತಡ ಅನ್ನುವುದಕ್ಕಿಂತ ಯಾಕೆ ತಡ ಅನ್ನುವುದೇ ಅಲ್ಲಿ ಜಾಸ್ತಿ ಮುಖ್ಯ.