ಟಿವಿಗೆ ಕೋಣೆಯೊಳಗಿನ ಆಂಟೆನಾನೋ, ಮಾಳಿಗೆಯ ಯಾಗಿಯೋ?

ಟಿವಿ ಪ್ರಸಾರದ ಟವರ್ ಹತ್ತಿರವಿದ್ದು, ಕಿಟಕಿ ಅದರತ್ತ ಮುಖ ಮಾಡಿದ್ದರೆ ಒಳಾಂಗಣ ಆಂಟೆನಾ ಸಾಕು. ಆದರೆ ಗೋಡೆ, ಕಬ್ಬಿಣದ ಜಾಲರಿ, ಓಡಾಡುವ ಜನ ಎಲ್ಲವೂ ಸಿಗ್ನಲ್ ತಿನ್ನುತ್ತವೆ. ಡಿಜಿಟಲ್‌ನಲ್ಲಿ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ; ಚೌಕಚೌಕವಾಗಿ ಒಡೆದು ಒಮ್ಮೆಲೇ ಮಾಯ.

ದೂರದ ಟವರ್‌ಗೆ ಯಾಗಿಯೇ ಸರಿ; ಅದು ದಂಡಕ್ಕೆ ಸಾಲಾಗಿ ಕಡ್ಡಿ ಜೋಡಿಸಿದ, ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ. ಅದರ ಕಡ್ಡಿಗಳನ್ನು ಪ್ರಸಾರದ ಧ್ರುವೀಕರಣಕ್ಕೆ (ಅಲೆಗಳು ಅಡ್ಡಡ್ಡ ಕಂಪಿಸುತ್ತವೋ ಮೇಲೆ-ಕೆಳಗೋ ಎಂಬುದಕ್ಕೆ) ತಕ್ಕಂತೆ ಅಡ್ಡವೋ ಲಂಬವೋ ಕೂರಿಸಬೇಕು. ಅದು ತಪ್ಪಿದರೆ ದಿಕ್ಕು ಸರಿಯಿದ್ದರೂ ಸಿಗ್ನಲ್ ಕುಸಿಯುತ್ತದೆ. ತಿರುಗಿಸುವಾಗ ಟಿವಿ ಪರದೆ ತೋರಿಸುವ ಸಿಗ್ನಲ್ ಶಕ್ತಿಯ ಪಟ್ಟಿಗಿಂತ ಸಿಗ್ನಲ್ ಗುಣಮಟ್ಟದ ಪಟ್ಟಿಯನ್ನು ನೋಡಿ. ಕೇಬಲ್ 75 ಓಮ್‌ನ ಆರ್‌ಜಿ-6 ಎಂಬ ಬಗೆಯದಿರಲಿ. ಯುಎಚ್‌ಎಫ್‌ನಲ್ಲಿ (ಟಿವಿ ಪ್ರಸಾರದ ಎತ್ತರದ ಆವರ್ತನಗಳಲ್ಲಿ) 30 ಮೀಟರಿಗೆ ಅದೂ ಸುಮಾರು 5 ಡೆಸಿಬೆಲ್ ನುಂಗುತ್ತದೆ. ಕೇಬಲ್ ತುದಿಗೆ ಹಾಕುವ ಎಫ್ ಕನೆಕ್ಟರ್ ಒಳಗೆ, ಕೇಬಲ್ ಸುತ್ತಲಿನ ತಂತಿ ಹೆಣಿಗೆಯ ಒಂದೇ ಎಳೆ ನಡುತಂತಿಗೆ ತಾಗಿದರೂ ಶಾರ್ಟ್!

ಸಿಗ್ನಲ್ ಹಿಗ್ಗಿಸುವ ಬೂಸ್ಟರ್? ಕೇಬಲ್ ಉದ್ದವಿದ್ದರಷ್ಟೇ, ಅದೂ ಆಂಟೆನಾದ ಬುಡದಲ್ಲೇ. ಟಿವಿ ಹಿಂದೆ ಹಾಕಿದರೆ ಸೊರಗಿದ ಸಿಗ್ನಲ್ ಜೊತೆ ಅದರಲ್ಲಿ ಬೆರೆತ ವಿದ್ಯುತ್ ಗದ್ದಲವೂ (ನಾಯ್ಸ್) ಹಿಗ್ಗುತ್ತದೆ.