ಮಕ್ಕಳ ಹುಳುಕು ಹಲ್ಲಿಗೆ ಡೆಂಟಲ್ ಕಾಲೇಜು: ಟೈಮ್ ಜಾಸ್ತಿ ಹಿಡಿಯುತ್ತೆ, ಆದರೂ ಹೋಗಿ

ಮಗುವಿನ ಹಲ್ಲು ಹುಳುಕಾಗಿದೆ, ಕ್ಲಿನಿಕ್‌ಗೆ ಕೊಡುವಷ್ಟು ದುಡ್ಡಿಲ್ಲ ಅಂತ ಸುಮ್ನೆ ಕೂತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು, ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಮಗಳಿಗೆ ಆರು ವರ್ಷ. ಕೆಳಗಿನ ದವಡೆ ಹಲ್ಲು ನೋವು ಬಂದು ರಾತ್ರಿ ನಿದ್ದೆ ಇಲ್ಲ. ನಮ್ಮ ಏರಿಯಾದ ಒಂದು ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್, ಮೇಲೊಂದು ಕ್ಯಾಪ್ ಅಂತ ಹೇಳಿದ ಮೊತ್ತ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಷ್ಟು ಆಗಲ್ಲ ಅಂದಾಗ, ಹಾಲು ಹಲ್ಲು ತಾನೇ, ಕಿತ್ತುಬಿಡೋಣ ಅಂದರು. ನಮ್ಮ ಅತ್ತೆಯೂ ಅದನ್ನೇ ಹೇಳಿದರು.

ಕೀಳಿಸದೆ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆವು. ಬೆಂಗಳೂರಿನಲ್ಲಿ ಇಂಥ ಕಾಲೇಜುಗಳು ತುಂಬಾ ಇವೆ, ಎಲ್ಲ ಕಡೆ ಕ್ರಮ ಹೆಚ್ಚುಕಡಿಮೆ ಒಂದೇ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಕೌಂಟರ್‌ನಲ್ಲಿ ಓಪಿಡಿ ಚೀಟಿ ಮಾಡಿಸಬೇಕು, ಮೊದಲು ಒಬ್ಬರು ನೋಡಿ ಯಾವ ವಿಭಾಗ ಅಂತ ಬರೆಯುತ್ತಾರೆ. ಮಕ್ಕಳಿಗೇ ಬೇರೆ ವಿಭಾಗ ಇದೆ, ಅಲ್ಲಿ ಎಲ್ಲರೂ ಪೀಡೋ ಅಂತ ಕರೆಯುತ್ತಾರೆ. ಅಲ್ಲಿಗೇ ಕಳಿಸಿ ಅಂತ ನೀವೇ ಕೇಳಿ.

ಅಲ್ಲಿ ಕೆಲಸ ಮಾಡುವವರು ಕಲಿಯುತ್ತಿರುವ ಡಾಕ್ಟರ್‌ಗಳು, ಅದಕ್ಕೇ ದುಡ್ಡು ಕಡಿಮೆ. ಕಲಿಯುವವರ ಕೈಗೆ ಮಗುವನ್ನು ಕೊಡುವುದಾ ಅಂತ ನನಗೂ ಭಯ ಇತ್ತು. ಆದರೆ ನಮಗೆ ಸಿಕ್ಕ ಪಿಜಿ ಓದುವ ಹುಡುಗಿ ಹಲ್ಲಿನ ಡಾಕ್ಟರ್ ಡಿಗ್ರಿ ಬಿಡಿಎಸ್ ಮುಗಿಸಿ ಮಕ್ಕಳ ಹಲ್ಲಿನ ಮೇಲೇ ಮೂರು ವರ್ಷ ಓದಲು ಬಂದವಳು, ಅವಳ ಮೇಲೆ ನೋಡಿಕೊಳ್ಳುವ ಮೇಡಂ ಇದ್ದರು. ಎಕ್ಸ್‌ರೇ ನೋಡಿ ಮೇಡಂ ಸರಿ ಅಂದ ಮೇಲೇ ಮುಂದಿನ ಕೆಲಸ.

ಆ ಹುಡುಗಿ ನನ್ನ ಮಗಳನ್ನು ಒಲಿಸಿಕೊಂಡ ರೀತಿ ನಿಜವಾಗಿ ಮೆಚ್ಚಬೇಕು. ಬಾಯಿಗೆ ಏನನ್ನೂ ಹಾಕುವ ಮೊದಲು ಅಂಗೈ ಮೇಲೆ ನೀರು ಚಿಮ್ಮಿಸಿ ತೋರಿಸಿದಳು. ತಿರುಗುವ ಬ್ರಷ್ಷನ್ನು ಹೆಬ್ಬೆರಳಿನ ಉಗುರಿಗೆ ಮುಟ್ಟಿಸಿದಳು, ಕಚಗುಳಿ ಆಗುತ್ತಾ ಅಂತ ಕೇಳಿದಳು. ಉಗುಳು ಎಳೆಯುವ ಪೈಪನ್ನು ಲೋಟದಲ್ಲಿಟ್ಟು, ಅದು ನೀರು ಎಳೆದುಕೊಳ್ಳುವುದನ್ನು ತೋರಿಸಿದಳು. ಆಮೇಲೆ ವಸಡಿಗೆ ಜೆಲ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಇಂಜೆಕ್ಷನ್. ಮಗಳು ಒಂದು ಸಲ ಮುಖ ಕಿವುಚಿದಳು, ಅಷ್ಟೇ. ಮರಗಟ್ಟಿದ ತುಟಿಯನ್ನು ಮಕ್ಕಳು ಕಚ್ಚಿಕೊಂಡುಬಿಡುತ್ತಾರೆ, ಮರಗಟ್ಟಿದ್ದು ಬಿಡುವವರೆಗೂ ಪಕ್ಕದಲ್ಲೇ ಇರಿ, ಊಟ ಕೊಡಬೇಡಿ ಅಂತ ನನಗೂ ಹೇಳಿದಳು.

ಯಾಕೆ ಕೀಳಬಾರದು ಅನ್ನುವುದನ್ನು ಮೇಡಂ ಬಿಡಿಸಿ ಹೇಳಿದರು. ಹಿಂದಿನ ಹಾಲು ದವಡೆ ಹಲ್ಲು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಆರಕ್ಕೇ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವ ಹಲ್ಲಿಗೆ ಜಾಗವೇ ಇರುವುದಿಲ್ಲ, ವಕ್ರ ಬರುತ್ತದೆ. ಕೀಳಲೇಬೇಕಾದರೆ ಜಾಗ ಹಿಡಿದಿಡುವ ತಂತಿ ಹಾಕಿಸಬೇಕು, ಅದನ್ನು ಆ ಕ್ಲಿನಿಕ್‌ನಲ್ಲಿ ಯಾರೂ ಹೇಳಲೇ ಇಲ್ಲ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆರು ವರ್ಷದ ಹೊತ್ತಿಗೆ ಕಡೆಯಲ್ಲಿ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ, ಯಾವ ಹಲ್ಲೂ ಬೀಳದೆ ಬರುವುದರಿಂದ ಅದೂ ಹಾಲು ಹಲ್ಲೇ ಅಂದುಕೊಳ್ಳುತ್ತೇವೆ. ಅದು ಕೊನೆಯವರೆಗೂ ಇರಬೇಕಾದ ಹಲ್ಲು! ಅದರ ಗುಳಿಗಳಿಗೆ ಹುಳುಕು ಹಿಡಿಯದಂತೆ ಅಂಟಿನ ಹಾಗಿರುವ ಸೀಲೆಂಟ್ ಹಾಕಿದರು, ನೋವಿಲ್ಲ, ಇಂಜೆಕ್ಷನ್ ಇಲ್ಲ.

ಒಟ್ಟು ಖರ್ಚು ಕ್ಲಿನಿಕ್‌ನಲ್ಲಿ ಹೇಳಿದ್ದರ ಕಾಲುಭಾಗವೂ ಆಗಲಿಲ್ಲ. ಬಿಪಿಎಲ್ ಕಾರ್ಡ್ ತೋರಿಸಿದ್ದಕ್ಕೆ ರಿಯಾಯಿತಿಯೂ ಸಿಕ್ಕಿತು, ಆದರೆ ಅದನ್ನು ನಾವಾಗಿ ಕೇಳಬೇಕಾಯಿತು. ನೋವಿದ್ದ ಹಲ್ಲಿಗೆ ಹಾಕಿದ ಕ್ಯಾಪ್ ಸ್ಟೀಲಿನದು, ಬಾಯಿ ತೆರೆದರೆ ಹೊಳೆಯುತ್ತದೆ, ಹಲ್ಲು ಬೀಳುವಾಗ ಅದರ ಜೊತೆಗೇ ಹೋಗುತ್ತದಂತೆ.

ಬೇಜಾರಾದ ವಿಷಯವನ್ನೂ ಹೇಳಬೇಕು. ಕಾಯಬೇಕು, ತುಂಬಾ ಕಾಯಬೇಕು. ಮೇಡಂ ಬಂದು ನೋಡುವವರೆಗೂ ಮಗು ಬಾಯಿ ತೆರೆದುಕೊಂಡು ಕೂರಬೇಕು. ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಬನ್ನಿ ಅನ್ನುತ್ತಾರೆ, ಪ್ರತಿ ಸಲ ನನಗೆ ಸಂಬಳ ಕಟ್. ದಿನಗೂಲಿಯವರಿಗೆ ಕಡಿಮೆ ದರ ಅಂದರೆ ಇದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ? ಬೋರ್ಡುಗಳೆಲ್ಲಾ ಇಂಗ್ಲಿಷ್‌ನಲ್ಲಿ, ಕೆಲವು ಡಾಕ್ಟರ್‌ಗಳಿಗೆ ಕನ್ನಡ ಬರುವುದಿಲ್ಲ. ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನಾದರೂ ಕನ್ನಡದಲ್ಲಿ ಒಂದು ಚೀಟಿ ಕೊಟ್ಟರೆ ಎಷ್ಟೋ ಮಕ್ಕಳ ಹಲ್ಲು ಉಳಿಯುತ್ತದೆ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ ತಿನ್ನಿಸಿಕೊಂಡೇ ಹೋಗಿ. ಸರ್ಕಾರಿ ಡೆಂಟಲ್ ಕಾಲೇಜು ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಇದೆ, ಬಳ್ಳಾರಿಯಲ್ಲೂ ಇದೆ. ಕೆಲಸಗಾರರ ವಿಮೆಯ ಇಎಸ್‌ಐ ಕಾರ್ಡ್ ಇದ್ದರೆ ಮಕ್ಕಳ ಹೆಸರೂ ಅದರಲ್ಲಿದೆಯಾ ನೋಡಿಕೊಳ್ಳಿ, ಇಎಸ್‌ಐ ಆಸ್ಪತ್ರೆಗಳಲ್ಲೂ ಹಲ್ಲು ನೋಡುತ್ತಾರೆ. ಕಲಬುರಗಿಯಲ್ಲಂತೂ ಇಎಸ್‌ಐ ನಡೆಸುವ ಇಎಸ್‌ಐಸಿ ನಿಗಮದ್ದೇ ಡೆಂಟಲ್ ಕಾಲೇಜಿದೆ. ಸರ್ಕಾರಿ ಶಾಲೆಗೆ, ಅಂಗನವಾಡಿಗೆ ಮಕ್ಕಳನ್ನು ತಪಾಸಣೆ ಮಾಡಲು ಡಾಕ್ಟರ್ ತಂಡ ಬರುತ್ತದಲ್ಲ, 2013ರಲ್ಲಿ ಶುರುವಾದ ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯದು, ಅವರು ಹಲ್ಲನ್ನೂ ನೋಡಬೇಕು. ಬಂದ ದಿನ ಮಗುವಿನ ಹಲ್ಲು ತೋರಿಸಿ ಅಂತ ಟೀಚರ್‌ಗೆ ಹೇಳಿಡಿ, ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಆದರೆ ಕೆನ್ನೆ ಊದಿಕೊಂಡು ಜ್ವರ ಬಂದಿದ್ದರೆ ಈ ಯಾವುದಕ್ಕೂ ಕಾಯಬೇಡಿ, ಆವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.